‘ಅಂದ್ರ ಏನ್ ಮಾಡ್ತಾರಂತ್ರೀ?’: ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ,

ಸಾದರ ನಮಸ್ಕಾರಗಳು.

ಪದವಿ ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ತಮ್ಮ ವಿಶ್ವವಿದ್ಯಾಲಯಗಳ ಗೇಟಿನಲ್ಲಿ, ಆಡಳಿತ ಭವನದ ಮೆಟ್ಟಿಲ ಬದಿಯಲ್ಲಿ, ಪ್ರವೇಶ ಪುಸ್ತಿಕೆಯ ಎರಡನೇ ಪುಟದಲ್ಲಿ ‘ದೂರದೃಷ್ಟಿ’ ಮತ್ತು ‘ಧ್ಯೇಯ’ ಎಂಬ ತಲೆಬರಹದಡಿ ನಿಂತಿರುವ ಬರಹದ ಬಗ್ಗೆ ದೂರು ಹೇಳಲು ಈ ಪತ್ರ. ದೂರಿನ ಮೊದಲ ಆರೋಪಿ ನಾನೇ ಆಗಿರುವುದರಿಂದ ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಭಾಗದ ಒಂದು ವಿಶ್ವವಿದ್ಯಾಲಯದ ಐಕ್ಯೂಎಸಿ, ಅಂದರೆ ಒಳಗಿನ ಗುಣಮಟ್ಟ ನೋಡಿಕೊಳ್ಳುವ ಘಟಕದ ಕಚೇರಿಯಿಂದ ಫೋನು ಬಂತು. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಇದು ಅಲ್ಲೊಂದೇ ಕಡೆಯ ಕಾಯಿಲೆ ಎಂದು ಉಳಿದವರು ನಿರಾಳವಾಗಿಬಿಡುತ್ತಾರೆ. “ಸರ, ಮುಂದಿನ ವಾರ ನ್ಯಾಕ್ ಟೀಮ್ ಬರ್ತದ. ವಿಷನ್ನು ಮಿಷನ್ನು ಕನ್ನಡದಾಗೂ ಇರಬೇಕಂತ ಕುಲಸಚಿವರು ಹೇಳ್ಯಾರ. ಸಂಜಿಯೊಳಗ ಮಾಡಿಕೊಡ್ರಿ, ಗ್ರಾನೈಟ್ ಕೆತ್ತಾಂವ ಕಾಯಾಕತ್ತಾನ.” ನ್ಯಾಕ್ ಎಂದರೆ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ದರ್ಜೆ ಕೊಡುವ ರಾಷ್ಟ್ರೀಯ ಸಂಸ್ಥೆ. ನಾನು ಒಪ್ಪಿದೆ. ಹಳೆಯ ಶಿಷ್ಯ ಕೇಳಿದ್ದು, ಇಲ್ಲವೆನ್ನಲಾಗಲಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಬಂದ ಇಂಗ್ಲಿಷ್ ಪಠ್ಯದಲ್ಲಿ ಒಂದು ವಿಷನ್, ಆರು ಮಿಷನ್. ಆರೂ ‘ಟು’ ಎಂದೇ ಶುರು. ಟು ಪ್ರೊವೈಡ್, ಟು ಫಾಸ್ಟರ್, ಟು ನರ್ಚರ್, ಟು ಪ್ರಮೋಟ್. ನಿಘಂಟು ತೆಗೆಯುವ ಅಗತ್ಯವೂ ಬೀಳಲಿಲ್ಲ, ಕೈ ತಾನಾಗಿ ಓಡಿತು. ಇವತ್ತಿಗೂ ಆ ಕಲ್ಲಿನ ಮೇಲೆ ನನ್ನ ಕನ್ನಡ ಹೀಗೆ ನಿಂತಿದೆ: “ಜಾಗತಿಕ ಮಟ್ಟದ ಉತ್ಕೃಷ್ಟತೆಯ ಕೇಂದ್ರವಾಗಿ ಹೊರಹೊಮ್ಮುವುದು. ಮೌಲ್ಯಾಧಾರಿತ ಸಮಗ್ರ ಶಿಕ್ಷಣವನ್ನು ಒದಗಿಸುವುದು. ನಾವೀನ್ಯತೆ ಹಾಗೂ ಸಂಶೋಧನಾ ಸಂಸ್ಕೃತಿಯನ್ನು ಪೋಷಿಸುವುದು. ಎಲ್ಲ ಪಾಲುದಾರರ ಸಬಲೀಕರಣಕ್ಕೆ ಪೂರಕವಾದ ವಾತಾವರಣವನ್ನು ನಿರ್ಮಿಸುವುದು...” ನಾನು ಬರೆದದ್ದು ‘ಉತ್ಕೃಷ್ಟ’, ‘ಶ್ರೇಷ್ಠ’. ಕೆತ್ತಿದವನು ‘ಉತ್ಕೃಷ್ಠ’, ‘ಶ್ರೇಷ್ಟ’ ಮಾಡಿದ. ಒಂದರ ಮಹಾಪ್ರಾಣ ಇನ್ನೊಂದಕ್ಕೆ ಹೋಯಿತು. ಕಲ್ಲಲ್ಲವೇ, ತಿದ್ದಲಾಗುವುದಿಲ್ಲ.

ಕಲ್ಲು ನಿಂತ ಮೇಲೆ ಒಂದು ದಿನ ಬೇರೆ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದೆ. ಹೊರಗುತ್ತಿಗೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಒದ್ದೆ ಬಟ್ಟೆಯಿಂದ ಕಲ್ಲನ್ನು ಒರೆಸುತ್ತಿದ್ದಳು. ನಾನು ನಿಂತು ನನ್ನ ಅಕ್ಷರಗಳನ್ನೇ ನೋಡುತ್ತಿದ್ದುದನ್ನು ಕಂಡು ಕೇಳಿದಳು: “ಸರ, ದಿನಾ ಒರಸ್ತೀನಿ, ಇದರಾಗ ಏನ ಬರದಾರ್ರೀ?” ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ: “ಅಂದ್ರ ಏನ್ ಮಾಡ್ತಾರಂತ್ರೀ?”

ನನಗೆ ಉತ್ತರ ಹೊಳೆಯಲಿಲ್ಲ. ಒಳ್ಳೆ ಶಿಕ್ಷಣ ಕೊಡೋದು ಅಂತವ್ವ, ಎಂದೆ. “ಒದಗಿಸುವುದು ಅಂದ್ರಲ್ರೀ. ಯಾರು? ನಾವs ಒದಗಸಬೇಕೇನ್ರೀ?”

ಆಕೆ ತಮಾಷೆಗೆ ಕೇಳಿದ್ದಲ್ಲ. ಮಾನ್ಯರೇ, ದಯವಿಟ್ಟು ಆ ಪ್ರಶ್ನೆಯ ಹಿಂದಿರುವ ವ್ಯಾಕರಣವನ್ನು ಗಮನಿಸಬೇಕು. ಕನ್ನಡದಲ್ಲಿ ‘-ಉವುದು’ ಎಂದು ಮುಗಿಯುವ ಒಂಟಿ ವಾಕ್ಯವನ್ನು ಜನ ಎಲ್ಲಿ ನೋಡಿದ್ದಾರೆ? ಗುಡಿಯ ಬಾಗಿಲಲ್ಲಿ: ‘ಪಾದರಕ್ಷೆಗಳನ್ನು ಹೊರಗೆ ಬಿಡುವುದು’. ಬ್ಯಾಂಕಿನಲ್ಲಿ: ‘ಸರದಿಯಲ್ಲಿ ನಿಲ್ಲುವುದು’. ಅದು ಓದುವವರಿಗೆ ಕೊಟ್ಟ ಅಪ್ಪಣೆ. ಹಾಗಾಗಿ ತಮ್ಮ ಕಲ್ಲು ಹಾದುಹೋಗುವ ವಿದ್ಯಾರ್ಥಿಗೆ ‘ಮೌಲ್ಯಾಧಾರಿತ ಶಿಕ್ಷಣ ಒದಗಿಸುವುದು’ ಎಂದು ಅಪ್ಪಣೆ ಕೊಟ್ಟಂತೆ ಕೇಳಿಸಿದರೆ ತಪ್ಪು ಆಕೆಯ ಕಿವಿಯದಲ್ಲ. ನಮ್ಮ ಭಾಷೆಯ ಕ್ರಿಯಾಪದ ಬಹಳ ಖಡಾಖಂಡಿ ಪ್ರಾಣಿ. ‘ಒದಗಿಸುತ್ತೇವೆ’ ಎಂದ ಕೂಡಲೇ ಅದರ ಬಾಲದಲ್ಲಿ ‘ನಾವು’ ಬಂದು ಕೂರುತ್ತದೆ, ಬೇರೆ ಹೇಳಬೇಕಾಗಿಲ್ಲ. ‘ಒದಗಿಸಿದೆವು’ ಎಂದರೆ ಲೆಕ್ಕ ಕೊಟ್ಟಂತೆ. ‘ಒದಗಿಸಲಿಲ್ಲ’ ಎಂದರೆ ತಪ್ಪೊಪ್ಪಿಗೆ. ಈ ಮೂರರಿಂದಲೂ ತಪ್ಪಿಸಿಕೊಳ್ಳಲು ಇರುವ ಕಿಂಡಿಯೇ ‘ಒದಗಿಸುವುದು’. ಅದರಲ್ಲಿ ಯಾರೂ ಇಲ್ಲ, ಯಾವಾಗ ಎಂಬುದೂ ಇಲ್ಲ. ಇಂಗ್ಲಿಷಿನ ‘ಟು’ ಎಂಬ ಎರಡಕ್ಷರದ ಹಿಂದೆ ಅಡಗಿದ್ದವರನ್ನು ನಾನು ಕನ್ನಡಕ್ಕೆ ತಂದು ಇನ್ನೂ ಒಳ್ಳೆಯ ಜಾಗದಲ್ಲಿ ಅಡಗಿಸಿಟ್ಟೆ.

ಇದು ಬರೀ ಕಲ್ಲಿನ ಭಾಷೆಯಾಗಿ ಉಳಿದಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಅಂಕಪಟ್ಟಿಯಲ್ಲಿ ಹೆಸರು ತಪ್ಪಾಗಿದೆ ಎಂದು ಅರ್ಜಿ ಕೊಟ್ಟ ಹುಡುಗನಿಗೆ ಬರುವ ಉತ್ತರವನ್ನು ನೋಡಿ: ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಯಾರು ಪರಿಶೀಲಿಸುತ್ತಾರೆ? ಯಾವ ಟೇಬಲ್ಲಿನಲ್ಲಿ? ಗೇಟಿನ ‘-ಉವುದು’ ಮತ್ತು ಒಳಗಿನ ಕಚೇರಿಯ ‘-ಲಾಗುವುದು’ ಒಂದೇ ತಾಯಿಯ ಮಕ್ಕಳು. ಹೊರಗೆ ಒಂದು ಬಗೆ, ಒಳಗೆ ಇನ್ನೊಂದು ಬಗೆ ಬರೆಯುವ ಸಂಸ್ಥೆಯನ್ನು ನಾನು ಕಂಡಿಲ್ಲ.

ಪದಗಳ ವಿಷಯವೂ ಇದೆ. ‘ವಿಷನ್’ಗೆ ದೂರದೃಷ್ಟಿ ಎಂದು ನಾನು ಬರೆದೆ, ಎಲ್ಲರೂ ಹಾಗೇ ಬರೆಯುತ್ತಾರೆ. ಮನೆಯಲ್ಲಿ ಮೊಮ್ಮಗಳು ಹತ್ತನೇ ತರಗತಿಯ ವಿಜ್ಞಾನ ಓದುತ್ತಾ ಕಣ್ಣಿನ ದೋಷಗಳ ಪಾಠಕ್ಕೆ ಬಂದಿದ್ದಳು. ಅಲ್ಲಿ ದೂರದೃಷ್ಟಿ ಎಂದರೆ ದೂರದ್ದು ಸ್ಪಷ್ಟ, ಹತ್ತಿರದ್ದು ಮಸುಕು. ಜಾಗತಿಕ ಮಟ್ಟ ಕಾಣುತ್ತದೆ, ಹಿಂದಿನ ಬ್ಲಾಕಿನ ಮುರಿದ ನಲ್ಲಿ ಕಾಣುವುದಿಲ್ಲ. ಇಷ್ಟು ನಿಖರವಾಗಿ ಅನುವಾದ ಮಾಡಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಇನ್ನು ‘ಸ್ಟೇಕ್‌ಹೋಲ್ಡರ್’ಗೆ ಪಾಲುದಾರ. ನಮ್ಮ ಕಡೆ ಪಾಲುದಾರ ಎಂದರೆ ಹೊಲವನ್ನು ಪಾಲಿಗೆ ಮಾಡುವವನು, ಇಲ್ಲವೇ ಅಡತಿ ಅಂಗಡಿಯಲ್ಲಿ ಬಂಡವಾಳ ಹಾಕಿದವನು. ಇಬ್ಬರಿಗೂ ಸುಗ್ಗಿಯಲ್ಲಿ ಇಷ್ಟು ಚೀಲ, ಇಷ್ಟು ರೂಪಾಯಿ ಎಂಬ ಕರಾರು ಇರುತ್ತದೆ. ವಿದ್ಯಾರ್ಥಿಯನ್ನು ಪಾಲುದಾರ ಎಂದು ಕರೆದ ಮೇಲೆ ಅವನ ಪಾಲು ಎಷ್ಟೆಂದು ಹೇಳಬೇಕಾಗಿತ್ತು. ಪಾಪದಲ್ಲಂತೂ ನಾನು ಪಾಲುದಾರ, ಅದು ಖಚಿತ.

ಆ ಹೆಣ್ಣುಮಗಳ ಪ್ರಶ್ನೆ ತಲೆ ಹೊಕ್ಕ ಮೇಲೆ ಕೆಲವು ವಿಶ್ವವಿದ್ಯಾಲಯಗಳ, ಕಾಲೇಜುಗಳ ಧ್ಯೇಯದ ಹಾಳೆಗಳನ್ನು ಕೂಡಿಹಾಕಿದೆ, ಹೊರರಾಜ್ಯದವೂ ಇದ್ದವು. ಹೆಸರಿನ ಮೇಲೆ ಕಾಗದ ಅಂಟಿಸಿ, ಸಂಜೆ ವಾಕಿಂಗಿಗೆ ಸೇರುವ ನಿವೃತ್ತ ಮೇಷ್ಟ್ರುಗಳಿಗೆ ಕೊಟ್ಟು ಯಾವುದು ಯಾವುದೆಂದು ಹೇಳಿ ಎಂದೆ. ನಾಲ್ಕು ಮಂದಿಯಲ್ಲಿ ಒಬ್ಬರಿಗೂ ಆಗಲಿಲ್ಲ. ಹಂಪಿಯಲ್ಲಿ ಭಾಷೆಗೆ, ಗೊಟಗೋಡಿಯಲ್ಲಿ ಜಾನಪದಕ್ಕೆ, ಬಾಗಲಕೋಟೆಯಲ್ಲಿ ತೋಟಗಾರಿಕೆಗೆ, ಬೀದರಿನಲ್ಲಿ ಪಶುವೈದ್ಯಕ್ಕೆ, ವಿಜಯಪುರದಲ್ಲಿ ಮಹಿಳೆಯರಿಗೆ, ಮೈಸೂರಿನಲ್ಲಿ ಸಂಗೀತಕ್ಕೆ ಒಂದೊಂದು ವಿಶ್ವವಿದ್ಯಾಲಯ ಕಟ್ಟಿಕೊಂಡ ನಾಡು ನಮ್ಮದು. ಇಷ್ಟು ಬಗೆಯ ಕಲಿಕೆ ಇರುವಲ್ಲಿ ‘ಧ್ಯೇಯ’ ಎಂಬುದಕ್ಕೆ ಒಂದೇ ಅಚ್ಚು ಸಾಕು ಎಂದು ನಮಗೆ ಅನ್ನಿಸಿದ್ದು ಹೇಗೆ?

ಹೇಗೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ವಿಷನ್-ಮಿಷನ್ ಬರೆಯುವ ಪದ್ಧತಿ ಕಂಪನಿಗಳ ಆಡಳಿತಶಾಸ್ತ್ರದಿಂದ ಬಂದದ್ದು. ನಮ್ಮಲ್ಲಿ ಅದಕ್ಕೆ ಬಲ ಬಂದದ್ದು ಮೌಲ್ಯಮಾಪನದಿಂದ. 1994ರಲ್ಲಿ ಸ್ಥಾಪನೆಯಾದ ನ್ಯಾಕ್‌ನ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಅದರ ಏಳು ಮಾನದಂಡಗಳ ಪದ್ಧತಿಯಲ್ಲಿ ಆರನೆಯದು ಆಡಳಿತ ಮತ್ತು ನಾಯಕತ್ವದ್ದು. ಸಂಸ್ಥೆಯ ಆಡಳಿತದಲ್ಲಿ ಅದರ ವಿಷನ್ ಮಿಷನ್ ಕಾಣುತ್ತದೆಯೇ ಎಂಬ ಪ್ರಶ್ನೆ ಅಲ್ಲಿ ಬರುತ್ತದೆ. ಪ್ರಶ್ನೆ ಒಳ್ಳೆಯದೇ. ಉತ್ತರ ಬರೆಯುವಾಗ ನಾವು ಜಾಣರಾದೆವು. ‘ಪ್ರತಿ ವಿಭಾಗದಲ್ಲೂ ಕಾಯಂ ಅಧ್ಯಾಪಕರನ್ನು ತುಂಬುತ್ತೇವೆ’ ಎಂದು ಬರೆದರೆ ಬಂದ ತಂಡ ಎಣಿಸಿ ನೋಡುತ್ತದೆ. ‘ಉತ್ಕೃಷ್ಟತೆ’ಯನ್ನು ಎಣಿಸುವವರು ಯಾರು? ಅದು ಬಂದಿಲ್ಲ ಎಂದು ಸಾಬೀತು ಮಾಡುವುದೂ ಕಷ್ಟ. ಸಿಕ್ಕಿಹಾಕಿಕೊಳ್ಳದ ಮಾತನ್ನು ಹುಡುಕುತ್ತ ಹೋದವರೆಲ್ಲ ಒಂದೇ ಹತ್ತಿಪ್ಪತ್ತು ಪದಗಳ ಬಳಿ ಬಂದು ಸೇರಿದರು. ಹೀಗೇ ಬರೆಯಿರಿ ಎಂದು ನ್ಯಾಕ್ ಹೇಳಿದ್ದಲ್ಲ, ನಮ್ಮ ಭಯ ಹೇಳಿದ್ದು.

ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಶಿಷ್ಯನೊಬ್ಬ, ತಾಂತ್ರಿಕ ಕೋರ್ಸುಗಳನ್ನು ಅಳೆಯುವ ಎನ್‌ಬಿಎ ಎಂಬ ಮಂಡಳಿಯ ಮಾನ್ಯತೆಗಾಗಿ ತುಂಬಿದ ಕೋಷ್ಟಕವನ್ನು ತೋರಿಸಿದ. ಎಡಕ್ಕೆ ಕೋರ್ಸಿನ ಉದ್ದೇಶಗಳು, ಮೇಲೆ ಎಂ1, ಎಂ2, ಎಂ3 ಎಂದು ಮಿಷನ್ನಿನ ತುಂಡುಗಳು. ಪ್ರತಿ ಚೌಕದಲ್ಲಿ 1, 2 ಅಥವಾ 3. ಸಂಬಂಧ ಅಲ್ಪವಾದರೆ 1, ಗಾಢವಾದರೆ 3. “ಇದನ್ನು ಹೇಗೆ ನಿರ್ಧರಿಸ್ತೀಯಪ್ಪಾ?” ಎಂದು ಕೇಳಿದೆ. “ಎಲ್ಲದಕ್ಕೂ 3 ಹಾಕಿದರೆ ಅನುಮಾನ ಬರ್ತದೆ ಸರ್, ನಡುವೆ ಒಂದೆರಡು 2 ಸೇರಿಸ್ತೀವಿ” ಎಂದ. ಮದುವೆಗೆ ಜಾತಕ ಹೊಂದಿಸುವವರೂ ಇದನ್ನೇ ಮಾಡುತ್ತಾರೆ, ಅವರಿಗೆ ದಕ್ಷಿಣೆಯಾದರೂ ಸಿಗುತ್ತದೆ.

ನ್ಯಾಕ್ ತಂಡ ಬರುವ ಹಿಂದಿನ ದಿನ ಆ ವಿಶ್ವವಿದ್ಯಾಲಯದ ಕಾರಿಡಾರಿನಲ್ಲಿ ಒಬ್ಬ ಹುಡುಗಿ ಗೋಡೆಗೆ ಒರಗಿ ಕಣ್ಣುಮುಚ್ಚಿ ವಿಷನ್ ಉರು ಹೊಡೆಯುತ್ತಿದ್ದಳು. ತಂಡ ಯಾರನ್ನು ಬೇಕಾದರೂ ಕೇಳಬಹುದು, ಎಲ್ಲರಿಗೂ ಬಾಯಿಪಾಠ ಬರಬೇಕು ಎಂದು ಸೂಚನೆಯಾಗಿತ್ತಂತೆ. “ಸರ್, ಇಂಟರ್ನಲ್ಸ್‌ಗೂ ಇಷ್ಟು ಓದಿರಲಿಲ್ಲ” ಎಂದು ನಕ್ಕಳು. ನೀನೇ ಬರೆಯುವುದಾಗಿದ್ದರೆ ಏನು ಬರೆಯುತ್ತಿದ್ದೆ ಎಂದೆ. ಯೋಚನೆಯನ್ನೂ ಮಾಡಲಿಲ್ಲ: “ನಾಲ್ಕೂವರೆ ಬಸ್ಸಿಗೆ ಸರಿಯಾಗಿ ಕ್ಲಾಸ್ ಬಿಡ್ತೀವಿ ಅಂತ. ಅದು ತಪ್ಪಿದ್ರ ಮುಂದಿನದು ಏಳಕ್ಕ, ಮನಿಯಾಗ ಓದು ಸಾಕು ಅಂತಾರ್ರೀ.” ಒಂದು ಹಳ್ಳಿಯ ಹೆಣ್ಣುಮಗಳು ಪದವಿ ಮುಗಿಸುತ್ತಾಳೋ ಇಲ್ಲವೋ ಎಂಬುದು ಆ ವಾಕ್ಯದಲ್ಲಿದೆ. ‘ಸಬಲೀಕರಣಕ್ಕೆ ಪೂರಕವಾದ ವಾತಾವರಣ’ ಎಂದು ನಾನು ಕಲ್ಲಿಗೆ ಬರೆದುಕೊಟ್ಟಾಗ ಆ ಬಸ್ಸು ನನಗೆ ಕಂಡಿರಲಿಲ್ಲ.

ವಿಶ್ವವಿದ್ಯಾಲಯಕ್ಕೆ ಚಿಕ್ಕದಾಗಿ ಮಾತಾಡಲು ಬರುವುದಿಲ್ಲ ಎಂದೇನೂ ಅಲ್ಲ. ತಮ್ಮ ಲಾಂಛನಗಳನ್ನೇ ನೋಡಿ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ ಗಂಡಭೇರುಂಡದ ಲಾಂಛನಕ್ಕೆ ಗೀತೆಯಿಂದ ‘ನ ಹಿ ಜ್ಞಾನೇನ ಸದೃಶಂ’ ಎಂಬ ಮೂರ್ನಾಲ್ಕು ಪದ ತೆಗೆದುಕೊಂಡಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು ಎರಡೇ ಪದ: ‘ಅರಿವೇ ಗುರು’. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಲ್ಲಮನಿಂದ ‘ಮಾತೆಂಬುದು ಜ್ಯೋತಿರ್ಲಿಂಗ’ ಎಂಬುದನ್ನು ಪಡೆಯಿತು. ‘ಅರಿವೇ ಗುರು’ ಎಂದರೆ ಗುರುವಿಗೂ ಎಚ್ಚರಿಕೆಯ ಮಾತು, ನೀನಲ್ಲ ದೊಡ್ಡವನು ಎಂದು ಕುರ್ಚಿಗೇ ಹೇಳಿದ ಹಾಗೆ. 1956ರಿಂದ 1960ರವರೆಗೆ ಮೈಸೂರಿನ ಕುಲಪತಿಯಾಗಿದ್ದ, ಆಗಿನ ಮಾತಿನಲ್ಲಿ ಉಪಕುಲಪತಿಯಾಗಿದ್ದ ಕುವೆಂಪು ಹೊಸ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ವಿಷನ್ ಎನ್ನುವುದು ಒಂದೇ ಪದದಲ್ಲಿ ಮುಗಿದಿತ್ತು. ಆ ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸದ ಪುಟ್ಟ ಪುಸ್ತಕಗಳು ವಿಜ್ಞಾನವನ್ನೂ ಚರಿತ್ರೆಯನ್ನೂ ಸಾಮಾನ್ಯ ಓದುಗನ ಕನ್ನಡದಲ್ಲಿ ಹೇಳಿದವು. ‘ಜ್ಞಾನ ಪ್ರಸರಣ’ ಎಂದು ಗೋಡೆಗೆ ಬರೆಯುವ ಮೊದಲೇ ಪ್ರಸರಣ ನಡೆದಿತ್ತು.

ಇನ್ನೂ ಹಿಂದಕ್ಕೆ ಹೋಗುತ್ತೇನೆ, ಕಲ್ಲಿನ ಮಾತು ಬಂದದ್ದರಿಂದ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರ ನಾಗಾವಿ ಇದೆ. ಅಲ್ಲಿನ 1058ರ ಶಾಸನ ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲದ್ದು. ದಂಡನಾಯಕ ಮಧುಸೂದನ ಕಟ್ಟಿಸಿದ ಘಟಿಕಾಸ್ಥಾನದ, ಅಂದರೆ ಆಗಿನ ಉನ್ನತ ವಿದ್ಯಾಕೇಂದ್ರದ ವಿವರ ಅದರಲ್ಲಿದೆ. ವೇದ ಓದುವ 200 ವಿದ್ಯಾರ್ಥಿಗಳು, ಅವರಿಗೂ ಶಾಸ್ತ್ರ ಓದುವವರಿಗೂ ಇಷ್ಟಿಷ್ಟು ಉಪಾಧ್ಯಾಯರು, ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ವಿಜಯಪುರ ಜಿಲ್ಲೆಯ ಸಾಲೋಟಗಿಯ 945ರ ಶಾಸನದಲ್ಲಿ ಶಾಲೆಗೆ, ಬೇರೆಬೇರೆ ನಾಡುಗಳಿಂದ ಬಂದವರು ಇರಲು 27 ಮನೆಗಳಿಗೆ, ರಾತ್ರಿ ದೀಪದ ಖರ್ಚಿಗೆ ಕೂಡ ಭೂಮಿ ಬಿಟ್ಟದ್ದು ದಾಖಲಾಗಿದೆ. ಆ ಶಾಲೆಗಳ ಬಾಗಿಲು ಊರಿನ ಬಹುಪಾಲು ಜನಕ್ಕೆ ಮುಚ್ಚಿತ್ತು ಎಂಬುದನ್ನು ನಾನು ಮರೆತಿಲ್ಲ. ಕಲ್ಲೊರೆಸುವ ಆ ಹೆಣ್ಣುಮಗಳನ್ನಾಗಲಿ, ಬಸ್ಸಿಗೆ ಓಡುವ ಆ ಹುಡುಗಿಯನ್ನಾಗಲಿ ಅವು ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಆ ಕಾಲ ಮರಳಿ ಬರಲಿ ಎಂದು ನಾನು ಕೇಳುತ್ತಿಲ್ಲ, ಅವರು ಬರೆದ ಬಗೆಯನ್ನು ನೋಡಿ ಎನ್ನುತ್ತಿದ್ದೇನೆ. ಯಾರು ಕೊಟ್ಟರು, ಯಾರಿಗೆ, ಎಷ್ಟು, ಯಾವುದರಿಂದ ಎಂಬುದೆಲ್ಲ ಕಲ್ಲಿನಲ್ಲಿದೆ. ನಮ್ಮ ಶಾಸನಗಳ ಕೊನೆಗೆ ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟಲಿ ಎಂಬ ಶಾಪವೂ ಇರುವುದುಂಟು. ಅದನ್ನು ನ್ಯಾಕ್ ಕೈಪಿಡಿಗೆ ಸೇರಿಸಿ ಎನ್ನುವಷ್ಟು ಕಠಿಣ ನಾನಲ್ಲ. ಆದರೆ ಆರು ಮಂದಿ ಭಂಡಾರಿಗರ ಸಂಗತಿ ಓದಿದ ಮೇಲೆ ನಮ್ಮ ಗ್ರಾನೈಟ್ ಇರುವ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಿದೆ. ಕಾಯಂ ಹುದ್ದೆಯಲ್ಲಿದ್ದವರು ಒಬ್ಬರು, ಅವರದ್ದೂ ನಿವೃತ್ತಿ ಹತ್ತಿರ.

ಭಾಷೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ, ಅದನ್ನು ಯಾರು ಓದುತ್ತಾರೆ ಎಂದು ಒಬ್ಬ ಪ್ರಾಧ್ಯಾಪಕ ಮಿತ್ರರು ನನ್ನನ್ನು ಸಮಾಧಾನಪಡಿಸಿದರು. 2025ರ ಆರಂಭದ ದಿನಗಳನ್ನು ಅವರಿಗೆ ನೆನಪಿಸಿದೆ. ಜಿಲ್ಲೆಗಳಲ್ಲಿ ಆಗಷ್ಟೇ ತೆರೆದಿದ್ದ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದ ಬಂದಾಗ, ಉಳಿಸಿ ಎಂದು ದನಿಯೆತ್ತಿದವರು ಯಾರೂ ‘ಜಾಗತಿಕ ಉತ್ಕೃಷ್ಟತೆ’ಯ ಹೆಸರು ಹೇಳಲಿಲ್ಲ. ನಮ್ಮ ಮಕ್ಕಳು ಸ್ನಾತಕೋತ್ತರ ಓದಲು ಮತ್ತೆ ದೂರದೂರಿಗೆ ಹೋಗಬೇಕೇ ಎಂದು ಕೇಳಿದರು. ಒಂದು ವಿಶ್ವವಿದ್ಯಾಲಯ ಯಾಕೆ ಇರಬೇಕು ಎಂಬುದಕ್ಕೆ ಬೇಕಾದ ವಾಕ್ಯ ಜನರ ಬಾಯಲ್ಲಿ ಸಿದ್ಧವಾಗಿತ್ತು. ಸಂಕಟದಲ್ಲಿ ಕೆಲಸಕ್ಕೆ ಬರದ ಧ್ಯೇಯವಾಕ್ಯ ಸುಭಿಕ್ಷದಲ್ಲಿ ಯಾತಕ್ಕೆ?

ಹಾಗಾಗಿ ತಮ್ಮಲ್ಲಿ ನನ್ನ ವಿನಂತಿಗಳಿವೆ. ಧ್ಯೇಯವನ್ನು ಮೊದಲು ಕನ್ನಡದಲ್ಲಿ ಬರೆಯಿಸಿ, ಇಂಗ್ಲಿಷಿಗೆ ಆಮೇಲೆ ಹೋಗಲಿ. ರಾಜ್ಯದ ಅಧಿಕೃತ ಭಾಷೆ ಕನ್ನಡ ಎಂಬ ಕಾನೂನು 1963ರದ್ದು. ಅರವತ್ತು ವರ್ಷದ ಮೇಲೂ ಕನ್ನಡ ಸಂಜೆಯೊಳಗೆ ಮುಗಿಸಬೇಕಾದ ಅನುವಾದವಾಗಿಯೇ ಗೇಟಿಗೆ ಬರುವುದು ಬೇಸರದ ಸಂಗತಿ. ಬರೆಯಲು ಕೂರುವ ಮೇಜಿಗೆ ಸಿಂಡಿಕೇಟ್ ಸದಸ್ಯರ ಜೊತೆ ಒಬ್ಬ ಅತಿಥಿ ಉಪನ್ಯಾಸಕರನ್ನು, ಮೊದಲ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು, ಗೇಟು ಒರೆಸುವವರನ್ನು ಕರೆಯಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿ. ‘ಅಂದ್ರ ಏನ್ ಮಾಡ್ತಾರಂತ್ರೀ?’ ಎಂದು ಅವರು ಕೇಳಿದರೆ ಹಾಳೆ ಹರಿದು ಮತ್ತೆ ಬರೆಯಿರಿ.

ಪ್ರತಿ ವಾಕ್ಯವೂ ‘-ತ್ತೇವೆ’ ಎಂದು ಮುಗಿಯಲಿ, ಇದೇ ನನ್ನ ಮುಖ್ಯ ಕೋರಿಕೆ. ಪರೀಕ್ಷೆ ಮುಗಿದು ಇಷ್ಟು ದಿನದೊಳಗೆ ಅಂಕಪಟ್ಟಿ ಕೊಡುತ್ತೇವೆ. ಗ್ರಂಥಾಲಯವನ್ನು ರಾತ್ರಿ ಹತ್ತರವರೆಗೆ ತೆರೆದಿಡುತ್ತೇವೆ. ಅತಿಥಿ ಉಪನ್ಯಾಸಕರ ಸಂಬಳವನ್ನು ಆಯಾ ತಿಂಗಳೇ ಕೊಡುತ್ತೇವೆ. ಪಿಎಚ್‌ಡಿ ಮಾಡುವವರು ಮಾರ್ಗದರ್ಶಕರ ಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ತರಬೇಕಾಗದಂತೆ ನೋಡಿಕೊಳ್ಳುತ್ತೇವೆ. ವಿಶ್ವವಿದ್ಯಾಲಯವೇನು ಬಸ್ ಡಿಪೋವೇ, ಬರೀ ವೇಳಾಪಟ್ಟಿ ಹಾಕಲು, ದೊಡ್ಡ ಕನಸು ಬೇಡವೇ ಎಂದು ತಾವು ಕೇಳಬಹುದು. ಬೇಕು. ‘ಈ ಅಚ್ಚುಕಟ್ಟಿನ ಹೊಲಗಳು ಸವಳು-ಜವಳಾಗುತ್ತಿವೆ, ತಡೆಯುವ ದಾರಿ ಹುಡುಕುತ್ತೇವೆ, ಕಂಡದ್ದನ್ನು ರೈತರಿಗೆ ಕನ್ನಡದಲ್ಲಿ ಹೇಳುತ್ತೇವೆ’ ಎಂಬುದಕ್ಕಿಂತ ದೊಡ್ಡ ಸಂಶೋಧನಾ ಸಂಸ್ಕೃತಿ ನನಗಂತೂ ತಿಳಿಯದು. ದೊಡ್ಡ ಕನಸಿಗೂ ಕರ್ತೃಪದ ಬೇಕಾಗುತ್ತದೆ, ಅಷ್ಟೇ.

ವಿದ್ಯಾರ್ಥಿಗಳಿಂದ ಧ್ಯೇಯವಾಕ್ಯ ಬಾಯಿಪಾಠ ಮಾಡಿಸುವುದನ್ನು ನಿಲ್ಲಿಸಿ. ನಿಜವಾಗಿ ನಡೆಯುವ ಸಂಗತಿಯನ್ನು ಯಾರೂ ಉರು ಹೊಡೆಯಬೇಕಾಗುವುದಿಲ್ಲ. ಮತ್ತು ‘ಕೊಡುತ್ತೇವೆ’ ಎಂದದ್ದನ್ನು ಕೊಡಲಾಗದ ವರ್ಷ ಅದನ್ನೂ ಅಲ್ಲೇ ಬರೆಯಿರಿ: ‘ಈ ವರ್ಷ ಕೊಡಲಿಲ್ಲ, ಸರ್ಕಾರದಿಂದ ಹಣ ಬರಲಿಲ್ಲ’ ಎಂದು. ಹುದ್ದೆ ತುಂಬದ, ಅನುದಾನ ಬಿಡದ ತಪ್ಪು ಎಷ್ಟೋ ಸಲ ತಮ್ಮದಲ್ಲ ಎಂಬುದು ನನಗೆ ಗೊತ್ತಿದೆ. ‘ಉತ್ಕೃಷ್ಟತೆ’ಯ ಕಲ್ಲಿನ ಹಿಂದೆ ಆ ತಪ್ಪೂ ಮರೆಯಾಗುತ್ತಿದೆ, ಸರ್ಕಾರಕ್ಕೆ ಅದರಿಂದ ಅನುಕೂಲವೇ.

ಆ ವಿಶ್ವವಿದ್ಯಾಲಯದ ಕುಲಪತಿಗಳೂ ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು: ನಾನು ಮಾಡಿಕೊಟ್ಟ ಅನುವಾದವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಕಲ್ಲು ಕೀಳುವ ಖರ್ಚು ಬೇಡ. ಅದರ ಹಿಂಬದಿ ಇನ್ನೂ ಖಾಲಿ ಇದೆ, ಒಳಗಿನಿಂದ ಗೇಟಿನ ಕಡೆ ಬರುವವರಿಗೆ ಕಾಣುತ್ತದೆ. ಕರಡು ತಿದ್ದಲು ಬೇಕಿದ್ದರೆ ಬರುತ್ತೇನೆ. ಸಂಜೆಯೊಳಗೆ ಎಂಬ ಅವಸರ ಮಾತ್ರ ಈ ಸಲ ಬೇಡ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ